ಬೇಡವಾದ ಅರ್ಜಿಯನ್ನು ಹಿಂದಕ್ಕೆ ಪಡೆಯುವ ಬಗೆ

(ನಮ್ಮ ವಾಚನಾಲಯದಲ್ಲಿ ಮಾಡಿದ ಭಾಷಣ)



ಕೋರ್ಟಿಗೆ ಹೋಗುವ ದಾರಿ ತೋರಿಸುವವರು ಬಹಳ ಮಂದಿ. ಹೋದಮೇಲೆ ಕ್ರಮವಾಗಿ ಹೊರಬರುವ ದಾರಿಯನ್ನು ಕುರಿತು ಈ ದಿನ ನಾಲ್ಕು ಮಾತು ಹೇಳುತ್ತೇನೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಚಾಳಿನಲ್ಲಿ ನೆರೆಯವನೊಬ್ಬನು ನಲ್ಲಿಗೆ ಹೋಗುವ ದಾರಿಗೆ ಅಡ್ಡಲಾಗಿ ಗೋಡೆ ಎಬ್ಬಿಸತೊಡಗಿದನು. ನೀವು ಮುಂಬಯಿಯ ಸಿಟಿ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿ, ತೀರ್ಪಾಗುವವರೆಗೆ ಕೆಲಸ ನಿಲ್ಲಿಸಬೇಕೆಂದು ತಾತ್ಕಾಲಿಕ ತಡೆಯಾಜ್ಞೆಗೆ ಅರ್ಜಿ ಕೊಟ್ಟಿರಿ. ಇದಕ್ಕೆ ‘ನೋಟೀಸ್ ಆಫ್ ಮೋಷನ್’ ಎಂಬುದು ಮುಂಬಯಿಯ ರೂಢಿಯ ಹೆಸರು. ವಿಚಾರಣೆಯ ತಾರೀಕು ಗೊತ್ತಾಯಿತು. ಅಷ್ಟರಲ್ಲಿ ನೆರೆಯವನು ತಾನಾಗಿಯೇ ಗೋಡೆ ಕೆಡವಿದನು. ಒಂದು ದಿನದ ಸಂಬಳ ಕಳೆದುಕೊಂಡು ಇನ್ನೇಕೆ ಹೋಗಬೇಕೆಂದು ಮನೆಯಲ್ಲಿ ಕುಳಿತರೆ ಕೆಲಸ ಕೆಟ್ಟಿತು.

ಏಕೆಂದರೆ ಕೊಟ್ಟ ಅರ್ಜಿ ತಾನಾಗಿ ಮುಗಿಯುವುದಿಲ್ಲ. ಎದುರು ಪಕ್ಷದವರು ವಕೀಲರಿಗೆ ಹಣ ತೆತ್ತು ಬರುತ್ತಾರೆ. ಆ ಖರ್ಚು ನಿಮ್ಮ ತಲೆಗೆ ಬರಬಹುದು. ದಾವೆಯ ವಿಚಾರಣೆಯೂ ಅದೇ ದಿನವಿದ್ದು, ಪ್ರತಿವಾದಿ ಬಂದು ನೀವು ಬಾರದಿದ್ದರೆ, 1908ರ ಸಿವಿಲ್ ಪ್ರೊಸೀಜರ್ ಕೋಡಿನ 9ನೆಯ ಆರ್ಡರಿನಂತೆ ದಾವೆಯೇ ವಜಾ ಆದೀತು. ಅದೇ ಕಾರಣಕ್ಕೆ ಹೊಸ ದಾವೆ ಹೂಡಲು ಬರುವುದಿಲ್ಲ. ಗೈರುಹಾಜರಿಗೆ ತಕ್ಕ ಕಾರಣ ತೋರಿಸಿ ಹಳೆಯದನ್ನೇ ಮತ್ತೆ ಎತ್ತಿಸಿಕೊಳ್ಳಬೇಕು.

ಆದ್ದರಿಂದ ಮೊದಲು ನಿಮ್ಮ ವಕೀಲರಿಗೆ ತಿಳಿಸಿರಿ. ಅವರ ಮೂಲಕ ಎದುರು ವಕೀಲರಿಗೂ ಸುದ್ದಿ ಮುಟ್ಟಲಿ. ಬಳಿಕ ‘ಪರ್ಸಿಸ್’ ಎಂಬ ಸಹಿ ಮಾಡಿದ ಕಾಗದವನ್ನು ಕೋರ್ಟಿಗೆ ಕೊಟ್ಟು, ಅದು ರೋಜ್ನಾಮೆಯಲ್ಲಿ ದಾಖಲಾಯಿತೇ ಎಂದು ನೋಡಿಕೊಳ್ಳಿರಿ.

ಸಹಿ ಹಾಕುವ ಮುನ್ನ ಒಂದು ಶಬ್ದವನ್ನು ಕಣ್ಣಿಟ್ಟು ಓದಿರಿ. ಹಿಂದಕ್ಕೆ ಪಡೆಯುವುದು ಅರ್ಜಿಯನ್ನೋ, ದಾವೆಯನ್ನೋ? ಅರ್ಜಿ ಹೋದರೂ ದಾವೆ ಉಳಿಯುತ್ತದೆ. ಮತ್ತೆ ಹೂಡಲು ಕೋರ್ಟಿನ ಅನುಮತಿ ಪಡೆಯದೆ ದಾವೆಯನ್ನೇ ಬಿಟ್ಟರೆ, 23ನೆಯ ಆರ್ಡರಿನಂತೆ ಅದೇ ವಿಷಯಕ್ಕೆ ಮತ್ತೆ ದಾವೆಯಿಲ್ಲ. ಅನುಮತಿ ಸಿಕ್ಕರೂ, ಮೊದಲಿನ ದಾವೆ ಇರಲೇ ಇಲ್ಲವೆಂಬಂತೆ ವಾಯಿದೆಯ ದಿನಗಳನ್ನು ಎಣಿಸುತ್ತಾರೆ.

ಇನ್ನೊಂದು ಮಾತು. ಅರ್ಜಿಯ ಮೇಲೆ ಸಿಕ್ಕಿದ್ದ ತಾತ್ಕಾಲಿಕ ತಡೆಯೂ ಅರ್ಜಿಯೊಡನೆಯೇ ಹೋಗುತ್ತದೆ. ಬರಿಯ ಬಾಯಿಮಾತನ್ನು ನಂಬಿದರೆ ನಾಳೆ ಮತ್ತೆ ಇಟ್ಟಿಗೆ ಬಂದು ಬಿದ್ದೀತು. ಇನ್ನು ಕಟ್ಟುವುದಿಲ್ಲವೆಂದು ನೆರೆಯವನು ಕೋರ್ಟಿಗೇ ಮುಚ್ಚಳಿಕೆ ಬರೆದುಕೊಡಲಿ. ಕೋರ್ಟು ಅದನ್ನು ಸ್ವೀಕರಿಸಲಿ. ಆಮೇಲೆ ಅದನ್ನು ಬೇಕೆಂದೇ ಮುರಿದರೆ ನ್ಯಾಯಾಲಯ ನಿಂದನೆಯಾಗುತ್ತದೆ.

ವಕೀಲರ ಫೀಜಿಗೆ ಅಂಜಬೇಡಿರಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಹೆಂಗಸರಿಗೂ ಕಾರ್ಖಾನೆಯ ಕಾರ್ಮಿಕರಿಗೂ ಉಚಿತವಾಗಿ ವಕೀಲರನ್ನು ಕೇಳುವ ಹಕ್ಕಿದೆ.

ಜಗಳ ತೀರಿದ್ದು ಸಂತೋಷವೇ. ಚಾಳಿನಲ್ಲಿ ತೀರಿದ್ದು ಕೋರ್ಟಿನ ಕಾಗದದಲ್ಲಿಯೂ ತೀರಲಿ.