ಪೌರತ್ವದ ಅರ್ಜಿ ಮತ್ತು ಬಸದಿಯ ಪ್ರಮಾಣಪತ್ರ



ಗೌತಮ ಬುದ್ಧ ನಗರ ಜಿಲ್ಲೆಯ ನ್ಯಾಯಾಲಯವೂ ಜಿಲ್ಲಾಧಿಕಾರಿಗಳ ಕಚೇರಿಯೂ ಗ್ರೇಟರ್ ನೋಯ್ಡಾದ ಸೂರಜ್‌ಪುರದಲ್ಲಿವೆ. ಪೌರತ್ವದ ಪ್ರಶ್ನೆ ಎದ್ದೊಡನೆ ಇಲ್ಲಿನವರ ಹೆಜ್ಜೆ ಅತ್ತ ತಿರುಗುವುದು ಸಹಜ. ಆದರೆ 2019ರ ತಿದ್ದುಪಡಿ ಕಾಯಿದೆಗೆ 2024ರ ಮಾರ್ಚ್ 11ರಂದು ಹೊರಬಿದ್ದ ನಿಯಮಗಳು ಬೇರೊಂದು ಬಾಗಿಲನ್ನು ತೆರೆದಿವೆ. ಅರ್ಜಿಯನ್ನು ಅಂತರ್ಜಾಲದಲ್ಲಿ ಸಲ್ಲಿಸಬೇಕು. ಕಾಗದಪತ್ರಗಳನ್ನು ಪರಿಶೀಲಿಸಿ ನಿಷ್ಠೆಯ ಪ್ರಮಾಣವಚನ ಬೋಧಿಸುವುದು ಅಂಚೆ ಅಧೀಕ್ಷಕರ ನೇತೃತ್ವದ ಜಿಲ್ಲಾ ಸಮಿತಿ; ತೀರ್ಮಾನಿಸುವುದು ರಾಜ್ಯದ ಜನಗಣತಿ ನಿರ್ದೇಶಕರ ಅಧ್ಯಕ್ಷತೆಯ ಅಧಿಕಾರಯುತ ಸಮಿತಿ. ಅರ್ಜಿದಾರನು ಖುದ್ದಾಗಿ ಹಾಜರಾಗಲೇಬೇಕು. ಇಷ್ಟನ್ನು ತಿಳಿದವನನ್ನು ದಲ್ಲಾಳಿ ಸುಲಭವಾಗಿ ವಂಚಿಸಲಾರ.

ಪಾಕಿಸ್ತಾನ, ಆಫ್ಘಾನಿಸ್ತಾನ, ಬಾಂಗ್ಲಾದೇಶಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದ ಆರು ಸಮುದಾಯಗಳನ್ನು ಈ ಕಾಯಿದೆ ಹೆಸರಿಸಿದೆ. ಅವುಗಳಲ್ಲಿ ಜೈನರೂ ಒಬ್ಬರು. ದೇಶೀಕರಣಕ್ಕೆ ಇತರರಿಗೆ ಬೇಕಾದ ಹನ್ನೊಂದು ವರ್ಷಗಳ ವಾಸ ಇವರಿಗೆ ಐದು ವರ್ಷಕ್ಕೆ ಇಳಿದಿದೆ. ಅರ್ಜಿಗೆ ಹಿಂದಿನ ಹನ್ನೆರಡು ತಿಂಗಳ ವಾಸ ಇಬ್ಬರಿಗೂ ಬೇಕು. ಕರ್ನಾಟಕದ ಜೈನರಿಗೆ ಇದು ದೂರದ ಸಂಗತಿ ಎನಿಸಬಹುದು. ದೆಹಲಿಯಲ್ಲಿ ಹಾಗಲ್ಲ. ಮುಲ್ತಾನದ ದಿಗಂಬರರೂ ಗುಜ್ರಾನ್‌ವಾಲಾದ ಶ್ವೇತಾಂಬರರೂ 1947ರಲ್ಲಿ ಮನೆಮಠ ತೊರೆದು ಬಂದವರು. ಆಚಾರ್ಯ ವಿಜಯವಲ್ಲಭ ಸೂರಿಗಳೂ ಆ ವರ್ಷವೇ ಗುಜ್ರಾನ್‌ವಾಲಾದಿಂದ ಅಮೃತಸರಕ್ಕೆ ಬಂದರು. ನಿರಾಶ್ರಿತನ ಕಾಗದ ಎಂದರೇನೆಂಬುದು ಇಲ್ಲಿನ ಎಷ್ಟೋ ಜೈನ ಮನೆಗಳ ಅಜ್ಜಂದಿರಿಗೆ ಗೊತ್ತಿತ್ತು.

ಇನ್ನು ಮುಖ್ಯ ವಿಷಯ. ಅರ್ಜಿದಾರನು ಇಂಥ ಸಮುದಾಯದವನೆಂದು ದೃಢೀಕರಿಸುವ ಅರ್ಹತಾಪತ್ರವನ್ನು ಸ್ಥಳೀಯವಾಗಿ ಹೆಸರಾದ ಸಮುದಾಯ ಸಂಸ್ಥೆಯೊಂದು ನೀಡಬೇಕೆಂದು ನಿಯಮ ಹೇಳುತ್ತದೆ. ಎಂದರೆ ಬಸದಿಯ ಆಡಳಿತ ಮಂಡಳಿಯ ಸಹಿ ಒಬ್ಬನ ರಾಷ್ಟ್ರೀಯತೆಗೆ ಆಧಾರವಾಗುತ್ತದೆ. ಇದು ಸಣ್ಣ ಹೊಣೆಯಲ್ಲ. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು ತತ್ತ್ವಾರ್ಥಸೂತ್ರವು ಎಣಿಸಿದೆ. ಪರಿಚಯದ ಮಾತಿಗೆ, ದೇಣಿಗೆಯ ಆಸೆಗೆ ಕೊಟ್ಟ ಸುಳ್ಳು ಪತ್ರ ಕೂಟಲೇಖವೇ. ಹಾಗೆಂದು ನಿಜವಾದ ಜೈನನನ್ನು ಪಂಥ ಕೇಳಿ, ಪಂಗಡ ಕೇಳಿ, ಬಾಗಿಲಲ್ಲೇ ನಿಲ್ಲಿಸುವುದೂ ತಪ್ಪು. ಕಾಯಿದೆ ಕೇಳುವುದು ಜೈನನೇ ಎಂದಷ್ಟೇ, ದಿಗಂಬರನೋ ಶ್ವೇತಾಂಬರನೋ ಎಂದಲ್ಲ. ವಿಚಾರಿಸಿ, ದಾಖಲೆಪುಸ್ತಕದಲ್ಲಿ ಬರೆದಿಟ್ಟು, ಶುಲ್ಕ ಪಡೆಯದೆ ಪತ್ರ ನೀಡುವ ಕ್ರಮವನ್ನು ಪ್ರತಿಯೊಂದು ಮಂಡಳಿಯೂ ಠರಾವಿನ ಮೂಲಕ ಗೊತ್ತುಪಡಿಸಬೇಕು.

ಎರಡು ದಿನಾಂಕಗಳ ಗೊಂದಲವೂ ಹಬ್ಬಿದೆ. 2025ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ವಿನಾಯಿತಿ ಆದೇಶ 2024ರ ಡಿಸೆಂಬರ್ 31ರವರೆಗೆ ಬಂದವರನ್ನು ಪಾಸ್‌ಪೋರ್ಟ್, ವೀಸಾ ಇಲ್ಲವೆಂಬ ಕಾರಣದ ಕ್ರಮದಿಂದ ಕಾಪಾಡುತ್ತದೆ. ಅದು ಪೌರತ್ವದ ಗಡುವನ್ನು ವಿಸ್ತರಿಸಿಲ್ಲ. ಇವೆರಡೂ ಒಂದೇ ಎಂದು ಹೇಳಿ ಹಣ ಕೇಳುವವನನ್ನು ನಂಬಬಾರದು.

ಜೈನರ ಹೆಸರು ಪಟ್ಟಿಯಲ್ಲಿದೆ ಎಂದು ಹರ್ಷಿಸಿ ಸುಮ್ಮನಿರುವುದು ಅನುಕಂಪೆಯ ಲಕ್ಷಣವಲ್ಲ. ಶ್ರೀಲಂಕೆಯ ತಮಿಳು ನಿರಾಶ್ರಿತರು ಆ ಪಟ್ಟಿಯಲ್ಲಿಲ್ಲ. ಜೀವದಯೆಗೆ ಧರ್ಮದ ಅಂಕಣ ತುಂಬಬೇಕೆಂದು ಯಾವ ಆಗಮವೂ ಹೇಳಿಲ್ಲ. ಕಾಯಿದೆಯ ಸಿಂಧುತ್ವವನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿಗಳು ಹೋಗಿವೆ. ಆ ವಾದಗಳನ್ನು ಜೈನ ಸಮಾಜವೂ ಓದಬೇಕು.

ಇತರ ಮನೆಗಳ ಪ್ರಶ್ನೆ ಬೇರೆ. ವಿದೇಶದ ಸೊಸೆಗೆ ಬೇಕಾದುದು ದೇಶೀಕರಣವಲ್ಲ, 5ನೆಯ ಪ್ರಕರಣದ ನೋಂದಣಿ. ಅದಕ್ಕೆ ಏಳು ವರ್ಷಗಳ ವಾಸ ಬೇಕು. ಅಮೆರಿಕದ ಪೌರತ್ವ ಪಡೆದು ಮರಳಿದವರು ಐದು ವರ್ಷ ಸಾಗರೋತ್ತರ ಪೌರತ್ವದ ಚೀಟಿ ಹೊಂದಿದ್ದು, ಅರ್ಜಿಗೆ ಮುನ್ನ ಹನ್ನೆರಡು ತಿಂಗಳು ಇಲ್ಲಿ ವಾಸಿಸಿದ್ದರೆ ಅದೇ ಪ್ರಕರಣದಲ್ಲಿ ಅರ್ಜಿ ಹಾಕಬಹುದು.

ವಕೀಲರ ಶುಲ್ಕ ಭರಿಸಲಾಗದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆ ಇದೆ. ಸ್ತ್ರೀಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ನೆರವು ದೊರೆಯುತ್ತದೆ. ಸಹಾಯವಾಣಿ 15100.

ದೇಶೀಕರಣಕ್ಕೆ ಎಂಟನೆಯ ಅನುಸೂಚಿಯ ಒಂದು ಭಾಷೆಯ ಸಾಕಷ್ಟು ಜ್ಞಾನವಿರಬೇಕು. ಹಿಂದಿಯೇ ಆಗಬೇಕೆಂದಿಲ್ಲ. ಕನ್ನಡ ಬಲ್ಲವರು ಅರ್ಜಿಯಲ್ಲಿ ಕನ್ನಡವನ್ನೇ ಬರೆಯಬಹುದು.