ಆಕಾಶ ಬಿಟ್ಟು ಇಳಿದವರು



ಅಳಿದುಹೋದ ನಾಗರಿಕತೆಯ ಕಥೆಯನ್ನು ಸಿನಿಮಾದವರು ಎತ್ತಿಕೊಂಡರೆ ಕೊನೆಯ ರೀಲಿನಲ್ಲಿ ಏನಾಗುತ್ತದೆಂದು ನಮಗೆಲ್ಲ ಗೊತ್ತು. ಜ್ವಾಲಾಮುಖಿ ಸಿಡಿಯುತ್ತದೆ, ಕಂಬಗಳು ಉರುಳುತ್ತವೆ, ಸಮುದ್ರ ಉಕ್ಕಿ ಊರನ್ನೇ ನುಂಗುತ್ತದೆ. ಜಾರ್ಜ್ ಪಾಲ್ 1961ರಲ್ಲಿ ಅಟ್ಲಾಂಟಿಸ್ ಬಗ್ಗೆ ಚಿತ್ರ ಮಾಡಿದಾಗ ರೋಮ್ ನಗರದ ಕಥೆಯುಳ್ಳ ಹತ್ತು ವರ್ಷ ಹಳೆಯ ‘ಕ್ವೋ ವಾಡಿಸ್’ ಚಿತ್ರದ ತುಣುಕುಗಳನ್ನೂ ಅದರಲ್ಲಿ ಸೇರಿಸಿದ್ದರು. ರೋಮ್ ಉರಿಯುವುದಕ್ಕೂ ಅಟ್ಲಾಂಟಿಸ್ ಮುಳುಗುವುದಕ್ಕೂ ಒಂದೇ ದೃಶ್ಯ ಸಾಕಾಗುತ್ತದೆ ಎಂದರೆ, ಅಲ್ಲಿ ಬದುಕಿದ್ದ ಜನರ ಬಗ್ಗೆ ಆ ಚಿತ್ರಕ್ಕೆ ಕುತೂಹಲ ಕಡಿಮೆ ಎಂದೇ ನನಗನಿಸುತ್ತದೆ.

ಹಯಾವೊ ಮಿಯಾಜಾಕಿಯವರ ‘ಲಪೂಟ: ಆಕಾಶದ ಕೋಟೆ’ ಆ ಜಾತಿಯದಲ್ಲ. 1985ರಲ್ಲಿ ಶುರುವಾದ ಸ್ಟುಡಿಯೊ ಘಿಬ್ಲಿಯ ಮೊದಲ ಚಿತ್ರ ಇದು. 1986ರ ಆಗಸ್ಟ್‌ನಲ್ಲಿ ಜಪಾನಿನಲ್ಲಿ ತೆರೆಕಂಡಿತು. ಲಪೂಟ ಎಂಬ ತೇಲುವ ದ್ವೀಪದ ಹೆಸರು ಜೊನಾಥನ್ ಸ್ವಿಫ್ಟ್ 1726ರಲ್ಲಿ ಬರೆದ ಗಲಿವರನ ಕಥೆಯದು. ಸ್ವಿಫ್ಟ್‌ನ ರಾಜ ದಂಗೆಯೆದ್ದ ಊರಿನ ನೆತ್ತಿಯ ಮೇಲೆ ತನ್ನ ದ್ವೀಪವನ್ನು ತಂದು ನಿಲ್ಲಿಸಿ, ಬಿಸಿಲು ಮಳೆ ಎರಡನ್ನೂ ತಡೆಯುತ್ತಾನೆ. ಮಿಯಾಜಾಕಿಯವರ ಲಪೂಟದಲ್ಲಿ ರಾಜನೂ ಇಲ್ಲ, ಪ್ರಜೆಗಳೂ ಇಲ್ಲ. ಜನ ಅದನ್ನು ತೊರೆದು ಏಳುನೂರು ವರ್ಷವಾಗಿದೆ.

ನೀಲಿ ಕಲ್ಲೊಂದನ್ನು ಕೊರಳಲ್ಲಿ ಧರಿಸಿದ ಶೀಟ ಎಂಬ ಹುಡುಗಿ ಆಕಾಶದಿಂದ ಹಗುರವಾಗಿ ಇಳಿದು, ಗಣಿಯಲ್ಲಿ ಕೆಲಸ ಮಾಡುವ ಪಾಜು ಎಂಬ ಹುಡುಗನ ತೋಳಿಗೆ ಬೀಳುತ್ತಾಳೆ. ಅವಳ ಹಿಂದೆ ಸೈನ್ಯ, ಡೋಲಾ ಎಂಬ ಗಟ್ಟಿಗಿತ್ತಿ ಮುದುಕಿಯ ದರೋಡೆ ತಂಡ, ಮತ್ತು ಮುಸ್ಕ ಎಂಬ ಸರ್ಕಾರಿ ಗೂಢಚಾರ. ಪಾಜುವಿನ ಊರನ್ನು ಗಮನಿಸಿ. ಬ್ರಿಟನ್ನಿನ ಗಣಿ ಕಾರ್ಮಿಕರು 1984–85ರಲ್ಲಿ ಒಂದು ವರ್ಷ ಮುಷ್ಕರ ಹೂಡಿ ಸೋತರು. ಆ ದಿನಗಳಲ್ಲಿ ಮಿಯಾಜಾಕಿ ವೇಲ್ಸ್‌ಗೆ ಹೋಗಿ ಬಂದಿದ್ದರು. ಕೆಲಸಕ್ಕಾಗಿ, ಊರಿಗಾಗಿ ಕೊನೆಯವರೆಗೆ ಹೋರಾಡಿದ ಆ ಜನರನ್ನು ಮೆಚ್ಚಿದ್ದರು. ಪಾಜುವಿನ ಗಣಿಯಲ್ಲೂ ಅದಿರು ಬತ್ತಿದೆ, ಕೂಲಿ ಕಡಿಮೆಯಾಗಿದೆ. ಆದರೂ ದರೋಡೆಕೋರರು ಬಂದಾಗ ಮೇಸ್ತ್ರಿ ಅಂಗಿ ಬಿಗಿದು ಬೀದಿಗಿಳಿಯುತ್ತಾನೆ. ಆಕಾಶದ ಊರು ಅಳಿದದ್ದನ್ನು ತೋರಿಸುವ ಮೊದಲೇ ನೆಲದ ಮೇಲೆ ಇನ್ನೊಂದು ಊರು ಅಳಿಯುತ್ತಿರುವುದನ್ನು ಈ ಚಿತ್ರ ನಮ್ಮ ಮುಂದಿಡುತ್ತದೆ.

ನಾನು ಬಹಳ ಹೊತ್ತು ನಿಲ್ಲಬಯಸುವುದು ಲಪೂಟದ ತೋಟದಲ್ಲಿ. ಮಕ್ಕಳು ಗ್ಲೈಡರಿನಲ್ಲಿ ಬಂದು ಹುಲ್ಲಿನ ಮೇಲೆ ಬಿದ್ದಿದ್ದಾರೆ. ಉದ್ದ ಕೈಗಳ ಭಾರೀ ಯಂತ್ರಮಾನವನೊಬ್ಬ ಅವರತ್ತ ನಡೆದು ಬರುತ್ತಾನೆ. ಇಂಥದೇ ಒಂದು ಯಂತ್ರ ಸ್ವಲ್ಪ ಹೊತ್ತಿನ ಹಿಂದೆ ಒಂದು ಕೋಟೆಯನ್ನೇ ಸುಟ್ಟದ್ದನ್ನು ನಾವು ನೋಡಿದ್ದೇವೆ, ಉಸಿರು ಬಿಗಿಹಿಡಿಯುತ್ತೇವೆ. ಅವನು ಬಂದು ಗ್ಲೈಡರನ್ನು ಮೆಲ್ಲನೆ ಎತ್ತಿ ಪಕ್ಕಕ್ಕಿಡುತ್ತಾನೆ. ಅದರಡಿ ಹಕ್ಕಿಯ ಗೂಡಿತ್ತು! ಅವನ ಮೈಮೇಲೆ ಪಾಚಿ ಹಬ್ಬಿದೆ, ಹೆಗಲ ಮೇಲೆ ಅಳಿಲಿನಂಥ ಪ್ರಾಣಿಗಳು ಆಡುತ್ತಿವೆ. ಕಲ್ಲಿನ ಸಮಾಧಿಯೊಂದರ ಬಳಿ ಮಕ್ಕಳನ್ನು ಕರೆದೊಯ್ಯುತ್ತಾನೆ, ಹೂವು ತಂದು ಶೀಟಳ ಕೈಗೆ ಕೊಡುತ್ತಾನೆ. ಒಡೆಯರು ಹೋಗಿ ಶತಮಾನಗಳಾದರೂ ತೋಟದ ಕೆಲಸ ನಿಂತಿಲ್ಲ. ಅವನ ಜೊತೆಯ ಯಂತ್ರಗಳೆಲ್ಲ ಕೆಟ್ಟು ನಿಂತಲ್ಲೇ ಹುಲ್ಲು ಮುಚ್ಚಿಕೊಂಡಿವೆ.

ಮುಸ್ಕನಿಗೆ ಈ ತೋಟ ಕಾಣುವುದೇ ಇಲ್ಲ. ಕೆಳಗಿನ ಕಪ್ಪು ಗೋಳದಲ್ಲಿ ಅಡಗಿರುವ ಆಯುಧವಷ್ಟೇ ಅವನಿಗೆ ಬೇಕು. ಅದನ್ನು ಸಮುದ್ರಕ್ಕೆ ಗುರಿಯಿಟ್ಟು ಹಾರಿಸಿ, ರಾಮಾಯಣದಲ್ಲಿ ಬರುವ ಇಂದ್ರನ ಬಾಣ ಇದೇ ಎಂದು ಜಂಭ ಕೊಚ್ಚುತ್ತಾನೆ. ರಾಮಾಯಣ ಕೇಳಿ ಬೆಳೆದ ನಾವು ಇಲ್ಲಿ ಅವನನ್ನು ತಡೆದು ನಿಲ್ಲಿಸಬಹುದು. ವಾಲ್ಮೀಕಿಯಲ್ಲಿ ಲಕ್ಷ್ಮಣ ಇಂದ್ರಜಿತುವಿನ ಮೇಲೆ ಐಂದ್ರಾಸ್ತ್ರ ಬಿಡುವಾಗ, ರಾಮ ಧರ್ಮಾತ್ಮನೂ ಸತ್ಯಸಂಧನೂ ಆಗಿದ್ದರೆ ಮಾತ್ರ ಇದು ಕೊಲ್ಲಲಿ ಎಂದು ಆಣೆಯಿಟ್ಟು ಬಿಡುತ್ತಾನೆ. ಮುಸ್ಕನಿಗೆ ಆಣೆಯ ಹಂಗಿಲ್ಲ, ಬಾಣ ಮಾತ್ರ ಸಾಕು.

ಇದು ಯಂತ್ರವನ್ನೇ ದೂಷಿಸುವ ಚಿತ್ರ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪಾಜು ತನ್ನ ಗುಡಿಸಲಿನಲ್ಲಿ ತಾನೇ ವಿಮಾನ ಕಟ್ಟುತ್ತಿರುವ ಹುಡುಗ. ಮಿಯಾಜಾಕಿ ಹುಟ್ಟಿದ್ದು 1941ರಲ್ಲಿ. ಯುದ್ಧಕಾಲದಲ್ಲಿ ಅವರ ಮನೆತನದ ಕಾರ್ಖಾನೆ ಯುದ್ಧವಿಮಾನಗಳ ಬಿಡಿಭಾಗ ತಯಾರಿಸುತ್ತಿತ್ತು. ಹಾರುವ ಯಂತ್ರದ ಮೇಲಿನ ಮೋಹ, ಅದು ಎಲ್ಲಿಗೆ ಒಯ್ಯುತ್ತದೆಂಬ ಅರಿವು ಎರಡೂ ಅವರಲ್ಲಿ ಜೊತೆಯಾಗಿಯೇ ಬೆಳೆದವು. ಸಿಂಹಾಸನದ ಕೋಣೆಯಲ್ಲಿ ಮುಸ್ಕನ ಪಿಸ್ತೂಲಿನೆದುರು ನಿಂತ ಶೀಟ, ಎಷ್ಟೇ ಆಯುಧವಿದ್ದರೂ ಮಣ್ಣಿನ ನಂಟು ಕಡಿದುಕೊಂಡು ಬದುಕಲಾಗದು ಎನ್ನುತ್ತಾಳೆ. ಮಕ್ಕಳಿಬ್ಬರೂ ಕಲ್ಲನ್ನು ಹಿಡಿದು ವಿನಾಶದ ಮಂತ್ರ ಹೇಳಿದಾಗ ಕಳಚಿ ಬೀಳುವುದು ಆಯುಧದ ಭಾಗ. ದ್ವೀಪದ ಮೇಲೆ ಬೆಳೆದಿರುವ ಮಹಾವೃಕ್ಷ ತನ್ನ ಬೇರುಗಳಲ್ಲಿ ತೋಟವನ್ನು ಹಿಡಿದುಕೊಂಡು ಮೇಲೇರುತ್ತದೆ.

ಇನ್ನು ಚಿತ್ರ ನೋಡೋಣ. ಒಂದೇ ವಿನಂತಿ: ಆರಂಭದಲ್ಲಿ ಹೆಸರುಗಳು ಬರುವಾಗ ಮಾತಾಡುತ್ತ ಕೂರಬೇಡಿ. ಗಾಳಿಯಂತ್ರಗಳು, ಹಾರುವ ಹಡಗುಗಳು, ಆಕಾಶದ ಪಟ್ಟಣಗಳು, ಕೊನೆಗೆ ಜನ ನೆಲಕ್ಕಿಳಿದದ್ದು, ಲಪೂಟದ ಇಡೀ ಚರಿತ್ರೆಯನ್ನು ಆ ಚಿತ್ರಪಟಗಳಲ್ಲೇ ಹೇಳಿ ಮುಗಿಸಿದ್ದಾರೆ.