ಶರಾವತಿಯಲ್ಲಿ ಚಳಿಗಾಲದ ದೋಣಿಯಾನ



ಗೇರುಸೊಪ್ಪದ ಅಣೆಕಟ್ಟಿನ ಕೆಳಗಿನಿಂದ ಹೊನ್ನಾವರದ ಅಳಿವೆಯವರೆಗೆ ಕಯಾಕಿನಲ್ಲಿ ಸಾಗಲು ಚಳಿಗಾಲವೇ ಪ್ರಶಸ್ತ. ನಾಲ್ಕೈದು ಜನರ ತಂಡವಾದರೆ ಸಾಕು. ಬೆಳಗಿನಲ್ಲಿ ಘಟ್ಟದಿಂದಿಳಿವ ಗಾಳಿ ದೋಣಿಯನ್ನು ಕಡಲಿನತ್ತ ನೂಕುತ್ತದೆ. ಮಧ್ಯಾಹ್ನ ಪಡುಗಾಳಿ ಎದುರಾಗುತ್ತದೆ. ಆದುದರಿಂದ ಮಂಜು ತಿಳಿಯಾದೊಡನೆ ಹೊರಡುವುದು ಲೇಸು. ತೇಲುವ ಅಂಗಿಯನ್ನು ಎಲ್ಲರೂ ತೊಡಲೇಬೇಕು, ಈಜು ಬಲ್ಲವರೂ ಸಹ. ಇಳಿತದ ಸೆಳೆತವಿರುವಾಗ ಅಳಿವೆಯ ಬಾಯಿಗೆ ಹೋಗಬಾರದು.

ಗಾಳಿಯನ್ನರಿತರೆ ಸಾಲದು, ನೀರನ್ನೂ ಅರಿಯಬೇಕು. ಲಿಂಗನಮಕ್ಕಿಯ ನೀರು ಗೇರುಸೊಪ್ಪದ 240 ಮೆಗಾವ್ಯಾಟ್ ಸ್ಥಾವರದಲ್ಲಿ ಮತ್ತೊಮ್ಮೆ ದುಡಿದು ಹೊಳೆಗಿಳಿಯುತ್ತದೆ. ಯಂತ್ರ ತಿರುಗಿದರೆ ಹೊಳೆ ಏರುತ್ತದೆ, ನಿಂತರೆ ಇಳಿಯುತ್ತದೆ. ಬೇಸಿಗೆಯಲ್ಲೂ ಹರಿಯುವ ಈ ಸಿಹಿನೀರಿನಿಂದ ಅಳಿವೆಯ ಉಪ್ಪಿನಂಶ ತಗ್ಗಿತು. ಬಳಚು ಮೊದಲಾದ ಚಿಪ್ಪುಜೀವಿಗಳು ಕ್ಷೀಣಿಸಿದವು. ಅಣೆಕಟ್ಟಿಲ್ಲದ ನೆರೆಯ ಅಘನಾಶಿನಿಯಲ್ಲಿ ಇಳಿತದ ಹೊತ್ತಿಗೆ ಬಳಚು ಆಯುವವರನ್ನು ಇಂದಿಗೂ ಕಾಣಬಹುದು. ಒಂದೊಂದು ದಿನ ಎರಡೂ ಹೊಳೆಗಳಲ್ಲಿ ಹುಟ್ಟು ಹಾಕಿದವರಿಗೆ ಈ ವ್ಯತ್ಯಾಸವನ್ನು ಬೇರೆ ಯಾರೂ ವಿವರಿಸಬೇಕಿಲ್ಲ.

ಇದೀಗ ತಳಕಳಲೆಯಿಂದ ಗೇರುಸೊಪ್ಪ ಜಲಾಶಯಕ್ಕೆ ನೀರಿಳಿಸಿ, ಮರಳಿ ಮೇಲೆತ್ತುವ 2000 ಮೆಗಾವ್ಯಾಟ್ ಯೋಜನೆ ರೂಪುಗೊಂಡಿದೆ. ಅದು ಬಂದರೆ ಕೆಳಗಿನ ಹೊಳೆಗೆ ಯಾವ ಹೊತ್ತಿನಲ್ಲಿ, ಎಷ್ಟು ನೀರು? ಈ ಪ್ರಶ್ನೆಯನ್ನು ದಡದ ಊರುಗಳು ಈಗಲೇ ಲಿಖಿತವಾಗಿ ಕೇಳಬೇಕಾಗಿದೆ.